ರಕ್ತ ಬಾರದ ಕಡೆಯ ಪೆಟ್ಟು

1938ರ ಮಾರ್ಚ್ 9ರ ನನ್ನ ದಿನಚರಿಯಲ್ಲಿ ಹೀಗಿದೆ: "ಹೊರರೋಗಿಗಳು 61. ಗಾಯ 4. ಹೊಲಿಗೆ ಒಟ್ಟು 9. ವಿಶೇಷವೇನಿಲ್ಲ."

ಆ ಕೊನೆಯ ಮಾತನ್ನು ನಾನು ಹೊಡೆದುಹಾಕಿಲ್ಲ.

ಆಗ ನನಗೆ ಇಪ್ಪತ್ತಾರು ವರ್ಷ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೋಬಳಿಯ ದವಾಖಾನೆಗೆ ನಾನೊಬ್ಬನೇ ಡಾಕ್ಟರು. ಎರಡು ಕೋಣೆ, ಮುಂದೆ ಒಂದು ಜಗಲಿ, ಹಿಂದೆ ಹೆಣ ಕೊಯ್ಯಲು ತಗಡಿನ ಒಂದು ಚಾವಡಿ. ನನ್ನ ಜೊತೆಗೆ ಮುಳಬಾಗಿಲ ಕಡೆಯ ಒಬ್ಬ ಕಾಂಪೌಂಡರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮನೆಮಾತು ತೆಲುಗು, ನಾಲ್ಕು ಡಾಕ್ಟರುಗಳನ್ನು ಕಂಡವರು.

ಆ ದಿನ ಬೆಳಿಗ್ಗೆ ಎಂಟು ಮುಕ್ಕಾಲಿಗೆ ಇಬ್ಬರು ಅಣ್ಣತಮ್ಮಂದಿರು ಎರಡು ಮೈಲಿ ನಡೆದು ಬಂದರು. ತಮ್ಮನಿಗೆ ಇಪ್ಪತ್ತೆಂಟಿರಬಹುದು. ತಲೆಯ ಹಿಂಭಾಗಕ್ಕೆ ಅಂಗವಸ್ತ್ರ ಕಟ್ಟಿಕೊಂಡಿದ್ದ. ಬಟ್ಟೆಯೊಳಗೆ ಅರಿಸಿನ, ಕಾಫಿಪುಡಿ, ರಕ್ತ ಎಲ್ಲ ಸೇರಿ ಗಟ್ಟಿಯಾಗಿತ್ತು. ಬೆಳಿಗ್ಗೆ ಬಾವಿಯ ನೀರೆತ್ತಲು ಎತ್ತು ಕಟ್ಟಿ ಕಪಿಲೆ ಹೊಡೆಯುವಾಗ ಬಿದ್ದನಂತೆ. ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಹೊಡೆಯುವವನು ಅವುಗಳ ಹಿಂದೆ ಹಗ್ಗದ ಮೇಲೆಯೇ ಕೂತು ಇಳಿಯುತ್ತಾನೆ. ಅವನ ಭಾರವೂ ಎತ್ತಿಗೆ ನೆರವಾಗುತ್ತದೆ. ಅರ್ಧ ಇಳಿಜಾರಿನಲ್ಲಿ ಹಗ್ಗ ಹರಿದಿತ್ತು. ನೀರು ತುಂಬಿದ ತೊಗಲಚೀಲ ಬಾವಿಗೆ ಹೋಯಿತು, ಇವನು ಇಳಿಜಾರಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಬಿದ್ದ.

"ಎತ್ತು ನನ್ನ ನೋಡಿ ನಕ್ಕಿರ್ಬೇಕು ಸಾಮಿ. ದಿನಾ ಅವುಗಳ ಹಿಂದೆ ದೊರೆ ಹಂಗೆ ಕೂತ್ಕೊಂಡು ಬರೋನು," ಎಂದು ಅವನೇ ನಕ್ಕ.

ಎಚ್ಚರ ತಪ್ಪಿತ್ತೇ ಎಂದು ಕೇಳಿದೆ. ಕಣ್ಣು ಕತ್ತಲೆ ಬಂತು ಎಂದ. ಎಷ್ಟು ಹೊತ್ತು ಎಂದಾಗ ಅಣ್ಣ ಹೇಳಿದ: ಎತ್ತು ಎರಡು ಸಲ ಹತ್ತಿ ಇಳಿಯುವಷ್ಟು ಹೊತ್ತು. ಆಮೇಲೆ ತಾನೇ ಎದ್ದು, ಬಾವಿಗೆ ಇಣುಕಿ, ಚೀಲ ಹರಿಯಿತೋ ಇಲ್ಲವೋ ಎಂದು ನೋಡಿದನಂತೆ. ಎಲ್ಲಿ ತಗಲಿತು ಎಂದು ಕೇಳಿದೆ. ಬಲಗಣ್ಣಿನ ಪಕ್ಕದಲ್ಲಿ ಬೆರಳಿಟ್ಟು, "ಮೊದ್ಲು ಇಲ್ಲಿ ತಾಕ್ತು, ಆಮೇಲೆ ಹಿಂದ್ಗಡೆ," ಎಂದ. ನಾನು ರಿಜಿಸ್ಟರಿನಲ್ಲಿ "ಎರಡು ಪೆಟ್ಟು" ಎಂದು ಬರೆದೆ. ಬರೆದು, ರಕ್ತ ಬರುತ್ತಿದ್ದ ಹಿಂಭಾಗದ ಕಡೆಗೆ ತಿರುಗಿಸಿ ಕೂರಿಸಿದೆ.

ಕೂದಲು ಬೋಳಿಸಿ ಗಾಯ ತೊಳೆದೆ. ಉದ್ದ ಎರಡೂಕಾಲು ಅಂಗುಲ, ಮೂಳೆಯವರೆಗೂ ಆಳ. ಬೆರಳಿಟ್ಟು ಮೂಳೆ ತಡಕಿದೆ, ಬಿರುಕಿಲ್ಲ. ಐದು ಹೊಲಿಗೆ ಹಾಕಿದೆ. ನಾಡಿ 84. ಹೆಸರು, ಊರು, ಎತ್ತುಗಳ ಬಣ್ಣ, ಕೇಳಿದ್ದಕ್ಕೆಲ್ಲ ಉತ್ತರ ಸರಿಯಾಗಿತ್ತು. ಹೊಲಿಗೆ ಅಂದವಾಗಿ ಬಂದಿದೆ ಎಂದು ಕಾಂಪೌಂಡರು ಕೂಡ ಮೆಚ್ಚಿದರು.

ಹೊರಡುವಾಗ ಅಣ್ಣ, ಬದನೆಯ ಮಡಿ ಒಣಗುತ್ತಿದೆ, ಸಾಯಂಕಾಲಕ್ಕೆ ಇವನನ್ನು ಕಪಿಲೆಗೆ ಕರೆಯಬಹುದೇ ಎಂದು ಕೇಳಿದ. ನನಗೆ ಸ್ವಲ್ಪ ಕೋಪ ಬಂತು.

"ಇವತ್ತು ಏನೂ ಕೆಲಸ ಬೇಡ. ತಲೆ ನೋವು ಅಂತಾನೆ. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡ್ಲಿ. ಯಾರೂ ಎಬ್ಬಿಸ್ಬೇಡಿ."

ಒಂಬತ್ತೂವರೆಗೆ ಇಬ್ಬರೂ ನಡೆದುಕೊಂಡೇ ಹೋದರು. ಷರಾದಲ್ಲಿ "ಸಾಮಾನ್ಯ ಗಾಯ" ಎಂದು ಬರೆದು ಮುಂದಿನವರನ್ನು ಕರೆದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅದೇ ಅಣ್ಣ ಗಾಡಿ ಹೊಡೆದುಕೊಂಡು ಬಂದ. ಗಾಡಿಯಲ್ಲಿ ಕಂಬಳಿ ಮುಚ್ಚಿದ ತಮ್ಮ. ಹಿಂದೆ ಪೊಲೀಸ್ ದಫೇದಾರರು, ಪಂಚರಾಗಿ ಬಂದ ಊರಿನ ಐದು ಮಂದಿ, ಎಲ್ಲರಿಗಿಂತ ಹಿಂದೆ ಸತ್ತವನ ಹೆಂಡತಿ. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಜೊತೆಗೆ ಒಬ್ಬ ಕಾನ್‌ಸ್ಟೇಬಲ್ಲು. ಅವಳನ್ನು ಹೊಂಗೆ ಮರದ ಕೆಳಗೆ ಕೂರಿಸಿ, ಅವನು ಬೇರೆ ಕಡೆ ನೋಡುತ್ತ ನಿಂತ.

ದಫೇದಾರರು ಕೊಟ್ಟ ಕಾಗದದಲ್ಲಿ "ವಿಷ ಹಾಕಿರುವ ಅನುಮಾನ" ಎಂದಿತ್ತು.

ನಡೆದದ್ದು ಇಷ್ಟು. ಇವನು ಮನೆಗೆ ಹೋದದ್ದು ಹತ್ತೂವರೆಗೆ. ಹೆಂಡತಿ ಅಂಬಲಿ ಕೊಟ್ಟಳು, ತಲೆನೋವಿಗೆ ಮೆಣಸಿನ ಕಷಾಯ ಕಾಯಿಸಿ ಕೊಟ್ಟಳು. ಹನ್ನೊಂದೂವರೆಗೆ ಪಡಸಾಲೆಯಲ್ಲಿ ಮಲಗಿದ. ಸ್ವಲ್ಪ ಹೊತ್ತಿಗೆ ಒಮ್ಮೆ ವಾಂತಿಯಾಯಿತು, ಮತ್ತೆ ಮಲಗಿದ. ಮೂರು ಗಂಟೆಗೆ ಅಣ್ಣ ತೋಟದಿಂದ ಬಂದು ಕರೆದರೆ ಏಳಲಿಲ್ಲ. ಅಲ್ಲಾಡಿಸಿದ, ಏಳಲಿಲ್ಲ. ರೆಪ್ಪೆ ಎತ್ತಿ ನೋಡಿದ, ಕಣ್ಣಿನ ಕಪ್ಪು ಅಗಲವಾಗಿ ಹರಡಿತ್ತು. ಉಮ್ಮತ್ತಿ ಬೀಜ ತಿಂದವರ ಕಣ್ಣು ಹಾಗಾಗುತ್ತದೆ ಎಂದು ಆ ಕಡೆಯಲ್ಲಿ ಎಲ್ಲರಿಗೂ ಗೊತ್ತು. ಬೇಲಿ ಬೇಲಿಯಲ್ಲೂ ಉಮ್ಮತ್ತಿ ಇದೆ. ನಾಲ್ಕು ಗಂಟೆಗೆ ಉಸಿರು ನಿಂತಿತು.

ಆ ಹುಡುಗಿ ಗಂಡನ ಜೊತೆ ಜಗಳವಾಡಿ ಗೌನಿಪಲ್ಲಿಯ ಕಡೆಯ ತವರಿನಲ್ಲಿ ಮೂರು ತಿಂಗಳಿದ್ದು, ಹನ್ನೆರಡು ದಿನದ ಹಿಂದೆ ಬಂದಿದ್ದಳು. ಊರಿಗೆ ಅಷ್ಟು ಸಾಕಾಗಿತ್ತು. ಅದಕ್ಕೂ ಮೇಲೆ ಅಣ್ಣನ ಹತ್ತಿರ ಇನ್ನೊಂದು ಮಾತಿತ್ತು. ಅದನ್ನು ಅವನು ನನ್ನ ಮುಖ ನೋಡಿಯೇ ಹೇಳಿದ: "ಏನೂ ಇಲ್ಲ ಅಂತ ನೀವೇ ಅಂದ್ರಲ್ಲ ಸಾಮಿ. ನಡ್ಕೊಂಡು ಮನೆಗೆ ಬಂದೋನು. ಅವಳ ಕೈಯಾಗೆ ಉಂಡ ಮೇಲೆ ತಾನೇ ಹೋಗಿದ್ದು."

ದಫೇದಾರರು ನನ್ನ ರಿಜಿಸ್ಟರಿನ ನಕಲು ಕೇಳಿದರು. "ಸಾಮಾನ್ಯ ಗಾಯ" ಎಂಬ ಎರಡು ಪದ ಅವರ ಕೇಸಿಗೆ ಬೇಕಾಗಿದ್ದವು. ಡಾಕ್ಟರು ನೋಡಿದಾಗ ಚೆನ್ನಾಗಿದ್ದ, ಆದ್ದರಿಂದ ಸಾವು ಆಮೇಲೆ ತಿಂದದ್ದರಿಂದಲೇ. ನಾನು ಬರೆದುಕೊಟ್ಟೆ. ಆ ಹೊತ್ತಿಗೆ ನನಗೂ ಹಾಗೆಯೇ ಅನ್ನಿಸಿತ್ತು.

ಹಿಂದಿನ ಚಾವಡಿಯಲ್ಲಿ ಕೆಲಸ ಶುರುವಾದದ್ದು ಹತ್ತೂಕಾಲಿಗೆ. ವಿಷದ ಅನುಮಾನವಿದ್ದರೆ ಹೊಟ್ಟೆಯೇ ಮುಖ್ಯ. ಹೊಟ್ಟೆ ಬಿಚ್ಚಿ, ಒಳಗಿದ್ದುದನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿದು ಭೂತಗನ್ನಡಿಯಲ್ಲಿ ನೋಡಿದೆ. ರಾಗಿಯ ತೆಳು, ಮೆಣಸಿನ ಸಿಪ್ಪೆ. ಉಮ್ಮತ್ತಿ ಬೀಜದ ಚೂರು ಕಾಣಲಿಲ್ಲ. ಆದರೆ ಬೀಜ ಅರೆದು ಸೋಸಿ ಕೊಟ್ಟಿದ್ದರೆ ಕಾಣುವುದೂ ಇಲ್ಲ. ಜಠರ, ಯಕೃತ್ತಿನ ತುಂಡು, ಒಂದು ಮೂತ್ರಪಿಂಡ, ಎಲ್ಲವನ್ನೂ ಮೂರು ಬಾಟಲಿಗೆ ಹಾಕಿ, ಉಪ್ಪಿನ ನೀರು ತುಂಬಿ, ಅರಗಿನ ಮುದ್ರೆ ಒತ್ತಿದೆವು. ಅವು ಬೆಂಗಳೂರಿಗೆ ಹೋಗಿ ಉತ್ತರ ಬರಲು ಐದಾರು ವಾರ. ಅಲ್ಲಿಯವರೆಗೆ ಆ ಹುಡುಗಿ ಲಾಕಪ್ಪಿನಲ್ಲಿರುತ್ತಾಳೆ. ಉತ್ತರದಲ್ಲಿ ವಿಷ ಸಿಗಲಿಲ್ಲ ಎಂದು ಬಂದರೂ, ಉಮ್ಮತ್ತಿ ಸಿಗದೆ ಹೋಗುವುದುಂಟು ಎಂದು ಯಾರಾದರೂ ಹೇಳುತ್ತಾರೆ.

ಕೈ ತೊಳೆಯಲು ನೀರು ಹಾಕುತ್ತ ಕಾಂಪೌಂಡರು ಮೆಲ್ಲಗೆ ಹೇಳಿದರು: "ಸಾರ್, ಇಷ್ಟು ಸಾಕು. ಅಭಿಪ್ರಾಯ ಆಮೇಲೆ ಅಂತ ಬರೆದುಬಿಡಿ. ತಲೆ ಯಾಕೆ ಬಿಚ್ತೀರಿ? ಅದು ನಾವೇ ಹೊಲಿದ ತಲೆ."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನನ್ನನ್ನು ಕಾಪಾಡಲೆಂದೇ ಹೇಳಿದ್ದು. ನಾನೂ "ಹ್ಞೂಂ" ಎಂದೆ. ಒಳಗೆ ಹೋಗಿ ಕಾಗದ ಭರ್ತಿ ಮಾಡಲು ಕುಳಿತೆ. ಹಿಂದಿನ ದಿನದ ವೇಳೆಗಳನ್ನು ಇಳಿಸಿಕೊಳ್ಳಲು ರಿಜಿಸ್ಟರು ತೆಗೆದಾಗ ನನ್ನದೇ ಅಕ್ಷರದಲ್ಲಿ ಆ ಸಾಲು ಕಂಡಿತು: "ಎರಡು ಪೆಟ್ಟು." ಅದರ ಮುಂದೆ ಗಾಯದ ವಿವರ, ಒಂದೇ.

ನಾನು ಎಣಿಕೆಯ ಮನುಷ್ಯ. ಹೊಲಿಗೆಯನ್ನೂ ಎಣಿಸಿ ಬರೆಯುವವನು. ಎರಡು ಎಂದು ಬರೆದು ಒಂದನ್ನು ನೋಡಿದ್ದೆ.

ಎದ್ದು ಹೊಂಗೆ ಮರದ ಹತ್ತಿರ ಹೋದೆ. ಆ ಹುಡುಗಿಯನ್ನು ಕೇಳಿದೆ: ಅವನ ಕಣ್ಣಿನ ಕಪ್ಪು ದೊಡ್ಡದಾಗಿತ್ತಂತಲ್ಲ, ಎರಡೂ ಕಣ್ಣಿನದೋ, ಒಂದರದೋ? ಅವಳು ತಲೆಯೆತ್ತಲಿಲ್ಲ. ಬಲಗೈ ಎತ್ತಿ ತನ್ನ ಬಲಗಣ್ಣು ಮುಟ್ಟಿಕೊಂಡಳು. ಅಣ್ಣನನ್ನು ಬೇರೆಯಾಗಿ ಕೇಳಿದೆ. ಅವನು ಒಂದು ರೆಪ್ಪೆಯನ್ನು ಮಾತ್ರ ಎತ್ತಿದ್ದ. ಯಾವುದು ಎಂದಾಗ ಯೋಚಿಸಿ, ಬಲದ್ದು ಎಂದ.

ಉಮ್ಮತ್ತಿ ಎರಡೂ ಕಣ್ಣನ್ನು ಅಗಲಿಸುತ್ತದೆ. ಒಂದೇ ಕಣ್ಣು ಅಗಲವಾದರೆ ಅದು ಹೊಟ್ಟೆಯ ಸಂಗತಿಯಲ್ಲ. ಇದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.

ಹನ್ನೊಂದು ಇಪ್ಪತ್ತಕ್ಕೆ ಮತ್ತೆ ಚಾವಡಿಗೆ ಹೋಗಿ ಗರಗಸ ಕೇಳಿದೆ. ಕಾಂಪೌಂಡರು ತಂದುಕೊಟ್ಟರು.

ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ನೆತ್ತಿಯ ಮೇಲೆ ಕೊಯ್ದು, ಚರ್ಮವನ್ನು ಮುಂದಕ್ಕೂ ಹಿಂದಕ್ಕೂ ಮಗುಚಿದೆ. ಹಿಂಭಾಗದಲ್ಲಿ ನನ್ನ ಐದು ಹೊಲಿಗೆ ಭದ್ರವಾಗಿದ್ದವು. ಕೆಳಗಿನ ಮೂಳೆ ಶುದ್ಧ. ಆಮೇಲೆ ಬಲಗಡೆ. ಕಣ್ಣಿನ ಕೊನೆಗೂ ಕಿವಿಗೂ ನಡುವೆ ಇರುವ ಜಾಗಕ್ಕೆ ಕಾಂಪೌಂಡರ ತೆಲುಗಿನಲ್ಲಿ ಕಣತ ಎನ್ನುತ್ತಾರೆ. ನನಗೂ ಆ ಮಾತೇ ನಿಂತುಬಿಟ್ಟಿದೆ. ಅಲ್ಲಿ ಬೀಸಣಿಗೆಯ ಹಾಗೆ ಹರಡಿದ ದಪ್ಪ ಮಾಂಸಖಂಡವಿದೆ, ಅಗಿಯುವಾಗ ಆಡುತ್ತದಲ್ಲ, ಅದು. ಹೊರಗಿನ ಚರ್ಮದಲ್ಲಿ ತರಚಿದ ಗುರುತೂ ಇರಲಿಲ್ಲ. ಖಂಡವನ್ನು ಬಿಡಿಸಿದರೆ ಅದರ ತಳವೆಲ್ಲ ನೇರಳೆಹಣ್ಣಿನ ಬಣ್ಣ. ಕೆರೆದು ಮೂಳೆ ಬಯಲು ಮಾಡಿದೆ.

ತಲೆಬುರುಡೆಯಲ್ಲಿ ಅಂಥ ಜಾಗ ಇನ್ನೊಂದಿಲ್ಲ. ಕೆನ್ನೆಯ ಮೂಳೆಯ ಕಮಾನಿನಿಂದ ಎರಡು ಬೆರಳು ಮೇಲೆ, ಕಣ್ಣುಗೂಡಿನ ಹೊರ ಅಂಚಿನಿಂದ ಒಂದು ಹೆಬ್ಬೆರಳು ಹಿಂದೆ. ಹಣೆಯ ಮೂಳೆ, ನೆತ್ತಿಯ ಪಕ್ಕದ ಮೂಳೆ, ಕಿವಿಯ ಮೇಲಿನ ಮೂಳೆ, ಬುರುಡೆಯ ತಳದಿಂದ ರೆಕ್ಕೆಯ ಹಾಗೆ ಮೇಲೆದ್ದು ಬರುವ ಬೆಣೆಮೂಳೆ, ಈ ನಾಲ್ಕೂ ಅಲ್ಲಿ ಸೇರುತ್ತವೆ. ಪುಸ್ತಕದಲ್ಲಿ ಅದನ್ನು ಟೀರಿಯನ್ ಎನ್ನುತ್ತಾರೆ. ನಾಲ್ಕು ಮೂಳೆ ಕೂಡುವ ಜಾಗ ಗಟ್ಟಿಯಿರಬೇಕು ಎಂದು ಯಾರಾದರೂ ತಿಳಿಯುತ್ತಾರೆ. ಬುರುಡೆಯ ತೀರ ತೆಳು ಜಾಗಗಳಲ್ಲಿ ಅದೊಂದು. ಅದರ ಒಳಮೈಗೆ ಅಂಟಿಕೊಂಡು, ಮೂಳೆಯಲ್ಲೇ ಕೊರೆದ ಕಾಲುವೆಯಲ್ಲಿ, ಮಿದುಳಿನ ಪೊರೆಗೆ ರಕ್ತ ಒಯ್ಯುವ ನಾಳ ಹರಿಯುತ್ತದೆ.

ಬಿರುಕು ಆ ಸೇರುವೆಯ ಮೇಲೆಯೇ ಹಾದು ಕೆಳಗಿಳಿದಿತ್ತು. ಉದ್ದ ಒಂದೂಮುಕ್ಕಾಲು ಅಂಗುಲ, ಅಗಲ ಕೂದಲೆಳೆಯಷ್ಟು.

ಸುತ್ತಲೂ ಗರಗಸ ಹಾಕಿ ಬುರುಡೆಯ ಮುಚ್ಚಳ ಎತ್ತಿದಾಗ ಹೆಪ್ಪು ತಾನಾಗಿಯೇ ಕಂಡಿತು. ಮೂಳೆಗೂ ಪೊರೆಗೂ ನಡುವೆ, ಅಂಗೈ ತುಂಬುವಷ್ಟು, ಕಪ್ಪಗೆ, ಗಟ್ಟಿಯಾಗಿ. ತೂಗಿದೆ: ನಾಲ್ಕು ಔನ್ಸಿಗೆ ಸ್ವಲ್ಪ ಕಡಿಮೆ. ಅದರ ಕೆಳಗೆ ಮಿದುಳು, ಹೆಬ್ಬೆರಳಿನಲ್ಲಿ ಒತ್ತಿದ ಮುದ್ದೆಯ ಹಾಗೆ ತಗ್ಗಾಗಿತ್ತು. ಬಿರುಕು ದಾಟುವ ಕಡೆ ಆ ನಾಳ ಹರಿದಿತ್ತು. ಕಲ್ಲಿಗೆ ತಾಗಿದ ಗಳಿಗೆಯಿಂದ ಅದು ಜಿನುಗುತ್ತಲೇ ಇತ್ತು. ಅವನು ನನ್ನೆದುರು ಕೂತು ಎತ್ತು ನಕ್ಕ ಮಾತು ಹೇಳುವಾಗಲೂ ಜಿನುಗುತ್ತಿತ್ತು. ನಾನು ಮೂರನೆಯ ಹೊಲಿಗೆ, ನಾಲ್ಕನೆಯ ಹೊಲಿಗೆ ಹಾಕುವಾಗಲೂ.

ಮಧ್ಯಾಹ್ನ ಒಂದು ಗಂಟೆಗೆ ಹೊರಗೆ ಬಂದು ದಫೇದಾರರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯರೇ. ಆದರೆ ಪಂಚರು ಒಪ್ಪುವುದಿಲ್ಲ ಎಂದರು. ಹಿಂದೆ ರಕ್ತ ಸುರಿದ ಗಾಯಕ್ಕೆ ಸಾಯದವನು, ರಕ್ತವೇ ಬಾರದ ಪೆಟ್ಟಿಗೆ ಸತ್ತ ಎಂದರೆ ಯಾರು ನಂಬುತ್ತಾರೆ? ಡಾಕ್ಟರು ಆ ಹುಡುಗಿಯ ಕಡೆಯವರ ಮಾತಿಗೆ ಸಿಕ್ಕಿದರು ಅನ್ನುತ್ತಾರೆ. ಪಂಚರನ್ನು ಚಾವಡಿಗೆ ಕರೆದೆ. ಬಾಗಿಲಿನಿಂದ ಈಚೆಗೇ ನಿಂತರು.

ನನ್ನ ಬಾಡಿಗೆ ಮನೆ ದವಾಖಾನೆಯ ಪಕ್ಕದಲ್ಲೇ ಇತ್ತು. ಟ್ರಂಕಿನ ತಳದಲ್ಲಿ, ಪಂಚೆಯಲ್ಲಿ ಸುತ್ತಿ, ಬೆಂಗಳೂರಿನಲ್ಲಿ ಓದುವಾಗ ಕೊಂಡಿದ್ದ ಅರ್ಧ ತಲೆಬುರುಡೆ ಇಟ್ಟಿದ್ದೆ. ಮನೆಯ ಯಜಮಾನರಿಗೆ ಅದು ಗೊತ್ತಿರಲಿಲ್ಲ. ಅದನ್ನು ತಂದು ಎಲ್ಲರೆದುರು ಬಿಚ್ಚಿದೆ. ಇಬ್ಬರು ಎದ್ದು ಹಿಂದೆ ಸರಿದರು. ಒಬ್ಬ ಮುದುಕರು ಮಾತ್ರ, "ಏಮಯ್ಯಾ, ಇದು ಯಾವೂರಿಂದು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಬುರುಡೆಯನ್ನು ಬಿಸಿಲಿಗೆ ಎತ್ತಿ ಹಿಡಿದೆ. ಒಳಮೈ ಅವರ ಕಡೆಗೆ, ಹೊರಮೈ ಸೂರ್ಯನ ಕಡೆಗೆ. ಹಣೆಯ ಕಡೆ ಕಪ್ಪು, ಹಿಂಭಾಗ ಕಪ್ಪು. ಕಣತದ ಹತ್ತಿರ ಮಾತ್ರ ಬೆಳಕು ಮೂಳೆಯನ್ನು ದಾಟಿ ಕೆಂಪಗೆ ಕಾಣುತ್ತಿತ್ತು, ಎಣ್ಣೆ ಹತ್ತಿದ ಕಾಗದದಂತೆ. ಆ ಕೆಂಪಿನ ನಡುವೆ ಎಲೆಯ ನರದಂತೆ ಕವಲೊಡೆದ ಕಾಲುವೆ. ಮುದುಕರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ತಮ್ಮ ಕಣತವನ್ನು ತಾವೇ ಮುಟ್ಟಿ ನೋಡಿಕೊಂಡರು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಚಾವಡಿಯೊಳಗೆ ಹೋಗಿ ಸತ್ತವನ ಮೂಳೆಯ ಬಿರುಕನ್ನೂ ನೋಡಿದರು.

ಕೊನೆಗೆ ಬಂದವನು ಅಣ್ಣ. ಬುರುಡೆಯನ್ನು ಬಹಳ ಹೊತ್ತು ನೋಡಿದ.

"ಅಂದ್ರೆ ನಾನು ನಿನ್ನೆ ಕರ್ಕೊಂಡು ಬಂದಾಗ್ಲೇ ಒಳಗೆ ರಕ್ತ ಸೇರ್ತಾ ಇತ್ತಾ?"

"ಹೌದು."

"ನಿಮಗೆ ಗೊತ್ತಾಗ್ಲಿಲ್ವಾ ಸಾಮಿ?"

ಕಾಂಪೌಂಡರು ನನ್ನ ಪಕ್ಕದಲ್ಲೇ ನಿಂತಿದ್ದರು. ಹೊರಗೆ ಗುರುತಿರಲಿಲ್ಲ, ಗೊತ್ತಾಗುವ ಹಾಗಿರಲಿಲ್ಲ ಎಂದು ಅವರು ಶುರುಮಾಡಿದರು. ಅದು ಅರ್ಧ ನಿಜ.

"ಅವನು ಕೈಯಿಟ್ಟು ತೋರಿಸಿದ್ದ," ಎಂದೆ. "ನಾನು ನೋಡಲಿಲ್ಲ."

ಅವನು ಬಯ್ಯಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹೊಂಗೆ ಮರದ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ಅಲ್ಲೇ ನಿಂತುಬಿಟ್ಟ. ಆ ಹುಡುಗಿಯ ಹತ್ತಿರಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ವರದಿ ಬರೆಯಲು ಎರಡು ಗಂಟೆ ಹಿಡಿಯಿತು. ಸಾವಿಗೆ ಕಾರಣ ಬರೆಯುವುದು ಸುಲಭವಾಗಿತ್ತು. ಆದರೆ ಅದಕ್ಕೆ ಅಂಟಿಕೊಂಡೇ ನನ್ನ "ಸಾಮಾನ್ಯ ಗಾಯ"ದ ನಕಲು ದಫೇದಾರರ ಕೈಲಿತ್ತು. ಎರಡು ಕಾಗದ ಒಂದಕ್ಕೊಂದು ವಿರುದ್ಧ. ಯಾವುದು ಸುಳ್ಳು ಎಂದು ಹೇಳದೆ ಬಿಟ್ಟರೆ, ಕೋರ್ಟಿನಲ್ಲಿ ಯಾರು ಬೇಕಾದರೂ ತಮಗೆ ಬೇಕಾದ್ದನ್ನು ಎತ್ತಿಕೊಳ್ಳಬಹುದು. ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿದೆ: ಗಾಯಾಳು ಬಲಗಣತದ ಪೆಟ್ಟನ್ನು ತಾನೇ ತೋರಿಸಿದ್ದಾನೆ, ಅದನ್ನು ನಾನು ಪರೀಕ್ಷಿಸಿಲ್ಲ, ಎಚ್ಚರ ತಪ್ಪಿ ಮರಳಿದವನನ್ನು ನಿಗಾದಲ್ಲಿ ಇಟ್ಟುಕೊಳ್ಳಬೇಕಾಗಿತ್ತು, ಇಟ್ಟುಕೊಂಡಿಲ್ಲ, ಮಲಗಲು ಬಿಡಿ, ಎಬ್ಬಿಸಬೇಡಿ ಎಂದು ಹೇಳಿದವನು ನಾನು. ಸಹಿ ಹಾಕಿ ವೇಳೆ ಬರೆದೆ, 4-10.

ದಫೇದಾರರು ಓದಿ, "ಈ ಕೊನೇದು ಬೇಕಾ ಡಾಕ್ಟ್ರೇ?" ಎಂದರು. ಬೇಕು ಎಂದೆ. ಅವರು ಕಾನ್‌ಸ್ಟೇಬಲ್ಲನನ್ನು ಕರೆದು, ನೀನು ಇನ್ನು ಹೊರಡಬಹುದು ಎಂದರು. ಆ ಹುಡುಗಿಗೆ ಯಾರೂ ಏನೂ ಹೇಳಲಿಲ್ಲ. ಗಾಡಿ ಹೊರಟಾಗ ಅವಳೂ ಎದ್ದು ಹಿಂದೆ ನಡೆದಳು.

ಅಂದಿನ ದಿನಚರಿಯಲ್ಲಿ ವೇಳೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದ್ದೇನೆ. ಒಂಬತ್ತೂವರೆಗೆ ದವಾಖಾನೆಯಿಂದ ಹೊರಟ. ಕೋಲಾರದ ಬಸ್ಸು ಮುಂದಿನ ದಾರಿಯಲ್ಲಿ ನಿಲ್ಲುವುದು ಹತ್ತಕ್ಕೆ. ಕೋಲಾರ ಸೇರುವುದು ಹನ್ನೆರಡೂವರೆಗೆ. ಅಲ್ಲಿ ಬುರುಡೆಗೆ ತೂತು ಕೊರೆದು ರಕ್ತ ಹೊರಕ್ಕೆ ಬಿಡುವ ಸರ್ಜನರಿದ್ದರು. ಹನ್ನೊಂದೂವರೆಗೆ ಅವನು ಇನ್ನೂ ಮಾತನಾಡುತ್ತಿದ್ದ. ಉಳಿಯುತ್ತಿದ್ದನೋ ಇಲ್ಲವೋ ಹೇಳಲಾರೆ. ಬಸ್ಸು ಹಿಡಿಯಲು ಅರ್ಧ ಗಂಟೆ ಇತ್ತು ಎಂಬುದನ್ನು ಮಾತ್ರ ಹೇಳಬಲ್ಲೆ.

ಮುಂದಿನದು ಬೇಗ ನಡೆಯಿತು. ಮನೆಯ ಯಜಮಾನರು ಬುರುಡೆಯ ಸುದ್ದಿ ತಿಳಿದು ವಾರದೊಳಗೆ ಮನೆ ಬಿಡಿಸಿದರು. ಜಿಲ್ಲೆಯಿಂದ ಸಮಜಾಯಿಷಿ ಕೇಳಿ ಕಾಗದ ಬಂತು, ಉತ್ತರ ಕೊಟ್ಟೆ, ವರ್ಷದ ಬಡ್ತಿ ನಿಂತಿತು. ಏಪ್ರಿಲ್ 22ಕ್ಕೆ ಬೆಂಗಳೂರಿನ ಉತ್ತರ: ವಿಷವಿಲ್ಲ.

ಅದಾದ ಎರಡು ದಿನದ ಮೇಲೆ, ಬೆಳಿಗ್ಗೆ ಹತ್ತು ಗಂಟೆಗೆ, ಆ ಹುಡುಗಿ ತವರಿಗೆ ಹೋಗುವ ದಾರಿಯಲ್ಲಿ ದವಾಖಾನೆಗೆ ಬಂದಳು. ಜೊತೆಗೆ ಅವಳ ತಂದೆ, ಬಟ್ಟೆಯ ಗಂಟು ಹೊತ್ತುಕೊಂಡು ರಸ್ತೆಯಲ್ಲೇ ನಿಂತಿದ್ದರು. ಅವಳ ಕೈಯಲ್ಲಿ ಬಳೆಯಿರಲಿಲ್ಲ. ಥ್ಯಾಂಕ್ಸು ಹೇಳಲು ಬಂದಿರಬಹುದು ಎಂದು ನಾನು ಅಂದುಕೊಂಡೆ. ಅಂದುಕೊಂಡದ್ದನ್ನು ಬರೆಯದೆ ಬಿಡುವುದು ಸರಿಯಲ್ಲ.

"ಗೊರಕೆ ಹೊಡೀತಿದ್ದ ಸಾಮಿ," ಎಂದಳು. "ಯಾವತ್ತೂ ಹಂಗೆ ಹೊಡ್ದಿರ್ಲಿಲ್ಲ. ಒಳ್ಳೆ ನಿದ್ದೆ ಬಂತು ಅಂದ್ಕೊಂಡೆ."

ಮಿದುಳು ಒತ್ತಿಹೋದಾಗ ಬರುವ ಉಸಿರು ಅದು.

"ಮೂರು ಗಂಟೆವರೆಗೂ ಸೆರಗಿನಾಗೆ ನೊಣ ಬೀಸ್ತಾ ಕೂತಿದ್ದೆ. ಪಕ್ಕದ ಮನೆಯೋರು ನೋಡಾಕೆ ಬಂದ್ರು. ಎಬ್ಬಿಸ್ಬೇಡಿ, ಡಾಕ್ಟ್ರು ಹೇಳವ್ರೆ ಅಂತ ಕಳ್ಸಿಬಿಟ್ಟೆ." ಆಮೇಲೆ ಕೇಳಿದಳು: "ಎಬ್ಬಿಸಿದ್ರೆ ಎದ್ದಿರ್ತಿದ್ನಾ?"

"ಇಲ್ಲಮ್ಮ. ಗೊರಕೆ ಶುರುವಾದ ಮೇಲೆ ಯಾರು ಎಬ್ಬಿಸಿದ್ರೂ ಏಳ್ತಿರ್ಲಿಲ್ಲ."

"ಅದಕ್ಕೂ ಮುಂಚೆ?"

ಮಲಗಿದ ಹೊಸತರಲ್ಲಿ, ವಾಂತಿಯಾದಾಗ, ಯಾರಾದರೂ ಎಬ್ಬಿಸಿ ಹೆಸರು ಕೇಳಿ, ಮಾತು ತೊದಲುವುದನ್ನು ಕಂಡು ಗಾಡಿ ಕಟ್ಟಿದ್ದರೆ? ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಅದನ್ನು ಅವಳ ತಲೆಗೆ ಹೊರಿಸುವ ಹಕ್ಕು ನನಗಿರಲಿಲ್ಲ. ಸುಳ್ಳು ಹೇಳಲೂ ಬಾಯಿ ಬರಲಿಲ್ಲ. "ಎಬ್ಬಿಸ್ಬೇಡಿ ಅಂದೋನು ನಾನು. ನಾನು ಹೇಳಿದ ಹಾಗೆ ನೀನು ಮಾಡಿದೆ," ಎಂದೆ. ಅವಳು ತಲೆಯಾಡಿಸಿದಳು. ಅಷ್ಟು ಅವಳಿಗೆ ಮೊದಲೇ ಗೊತ್ತಿತ್ತು. ಗಂಟು ಹೊತ್ತ ತಂದೆಯ ಹಿಂದೆ ನಡೆದು ಹೋದಳು.

ಜೂನ್‌ನಲ್ಲಿ ನನಗೆ ಮಾಲೂರು ತಾಲ್ಲೂಕಿಗೆ ವರ್ಗವಾಯಿತು. ಇಲ್ಲಿ ತಲೆಯ ಗಾಯಕ್ಕೆ ನನ್ನದೇ ಒಂದು ಬೇರೆ ಪುಸ್ತಕ ಇಟ್ಟಿದ್ದೇನೆ. ಯಾರೇ ಬರಲಿ, ಮೊದಲು ರಕ್ತ ಬಾರದ ಕಡೆ ಹೆಬ್ಬೆರಳಿಟ್ಟು ನೋಡುತ್ತೇನೆ. ಆಮೇಲೆ ಎರಡು ಕಣ್ಣು. ಎಚ್ಚರ ತಪ್ಪಿದ್ದವರನ್ನು ಸಂಜೆಯವರೆಗೆ ಜಗಲಿಯಲ್ಲಿ ಇರಿಸಿಕೊಂಡು, ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಿ ನಾಡಿ ಬರೆಯುತ್ತೇನೆ. ಜನಕ್ಕೆ ಇದು ಹಿಡಿಸುವುದಿಲ್ಲ. ಲಕ್ಕೂರಿನ ಒಬ್ಬ ಅಜ್ಜಿ, "ನಿದ್ದೆ ಕೆಡಿಸೋಕೂ ಸರ್ಕಾರ ಸಂಬಳ ಕೊಡ್ತದಾ?" ಎಂದು ಕೇಳಿದರು.

ಇದನ್ನು ಬರೆಯುವ ಹೊತ್ತಿಗೆ ಎರಡು ವರ್ಷವಾಗಿದೆ. ಎಬ್ಬಿಸಿದವರು ಮೂವತ್ತೆಂಟು. ಎದ್ದವರು ಮೂವತ್ತೆಂಟು. ಪುಸ್ತಕದ ಸಾಲುಗಳು ಮೂವತ್ತೊಂಬತ್ತು. ಮೊದಲನೆಯ ಸಾಲಿನಲ್ಲಿ ಕಪಿಲೆಯವನ ಹೆಸರಿದೆ, ಬಲಗಣತ ಎಂದಿದೆ, ಹೊಲಿಗೆ ಐದು ಎಂದಿದೆ. ಎಬ್ಬಿಸಿದ ವೇಳೆ ಬರೆಯುವ ಅಂಕಣ ಖಾಲಿ.